ನೀರು ಕುಡಿದ ಕಾಲೇಜು

ಜೂನ್ ತಿಂಗಳು ಬಂತೆಂದರೆ ನೆಂಟರಿಷ್ಟರಿಗೆಲ್ಲ ನನ್ನ ನೆನಪು ಉಕ್ಕಿ ಬರುತ್ತದೆ. ಉಳಿದ ದಿನಗಳಲ್ಲಿ ಇದ್ದಾಳೋ ಸತ್ತಳೋ ಎಂದು ಕೇಳದವರೂ ಫೋನು ಮಾಡುತ್ತಾರೆ. ‘ನೀವು ಟೀಚರಲ್ವಾ, ನಿಮಗೆ ಗೊತ್ತಿರುತ್ತೆ. ಆ ಕಾಲೇಜು ಎಷ್ಟನೇ ನಂಬರು? ಈ ಕಾಲೇಜು ಅದಕ್ಕಿಂತ ಮೇಲೋ ಕೆಳಗೋ?’ ಮಗುವಿಗೆ ಏನು ಓದಬೇಕಂತೆ ಎಂದು ನಾನು ಕೇಳಿದರೆ, ಅದನ್ನು ಯಾರೂ ವಿಚಾರಿಸಿಯೇ ಇರುವುದಿಲ್ಲ. ನನಗೋ ಮೂಗಿನ ತುದಿಯಲ್ಲೇ ಕೋಪ. ‘ಹಾಗಾದ್ರೆ ಆ ನಂಬರಿಗೇ ಸೇರಿಸಿಬಿಡಿ, ಕಾಲೇಜು ಯಾಕೆ ಬೇಕು’ ಎಂದು ಫೋನಿಟ್ಟುಬಿಡುತ್ತೇನೆ.

ಇಟ್ಟ ಮೇಲೆ ನಗು ಬರುತ್ತದೆ. ಯಾಕೆಂದರೆ ಈ ನಂಬರಿನ ಹುಚ್ಚು ನಮ್ಮ ಊರಿಗೆ ಮೊದಲು ಕಾಲಿಟ್ಟಿದ್ದೇ ನಮ್ಮ ಮನೆಯ ಹೊಸ್ತಿಲು ದಾಟಿ, ಅದೂ ನನ್ನ ದೆಸೆಯಿಂದ. ತೊಂಬತ್ತರ ದಶಕದ ಕೊನೆಯ ಒಂದು ಜೂನ್ ಅದು. ಆಗಷ್ಟೇ ನನ್ನ ಪಿಯುಸಿ ಮುಗಿದಿತ್ತು.

ನಮ್ಮೂರು ದೇವನಹಳ್ಳಿ ತಾಲ್ಲೂಕಿನಲ್ಲಿ, ಆವತಿಗೆ ಕೂಗಳತೆ ದೂರ. ಒಂದಿಷ್ಟು ದ್ರಾಕ್ಷಿ ಚಪ್ಪರ, ರಾಗಿ ಹೊಲ, ಕೊಟ್ಟಿಗೆಯಲ್ಲಿ ಸೀಮೆ ಹಸುಗಳು, ಹಿತ್ತಲಲ್ಲಿ ಚಕ್ಕೋತದ ಮರ. ತಾತ ತೀರಿಕೊಂಡ ಮೇಲೆ ದೊಡ್ಡಪ್ಪನೇ ಮನೆಯ ಯಜಮಾನರು. ಊರಿನ ಹಾಲಿನ ಡೈರಿಗೂ ಅವರೇ ಅಧ್ಯಕ್ಷರು. ನನ್ನ ಅಪ್ಪ ಅವರ ತಮ್ಮ. ಅಣ್ಣ ಹಗಲನ್ನು ರಾತ್ರಿ ಅಂದರೆ ದೀಪ ಹಚ್ಚಿಕೊಂಡು ಬರುವಂಥವನು. ಇನ್ನು ಅಜ್ಜಿ, ಇವರಿಬ್ಬರನ್ನು ಹೆತ್ತವಳು. ಹಸು ಯಾವಾಗ ಮಾರಬೇಕು, ಹೊಲಕ್ಕೆ ಏನು ಬಿತ್ತಬೇಕು, ಮನೆಯಲ್ಲಿ ಯಾರು ಎಲ್ಲಿಯವರೆಗೆ ಓದಬೇಕು, ಇದೆಲ್ಲ ದೊಡ್ಡಪ್ಪನ ಖಾತೆ. ಅಜ್ಜಿಯ ಮಾತು ನಡೆಯುತ್ತಿದ್ದದ್ದು ಶಾಸ್ತ್ರ ಸಂಪ್ರದಾಯಗಳಲ್ಲಿ ಮಾತ್ರ. ಅಲ್ಲಿ ಮಾತ್ರ ದೊಡ್ಡಪ್ಪನೂ ಕೈಕಟ್ಟಿ ನಿಲ್ಲಬೇಕಾಗಿತ್ತು.

ಆ ಶಾಸ್ತ್ರಗಳಲ್ಲಿ ದೊಡ್ಡದು ಮನೆ ನೋಡುವುದು. ಹೆಣ್ಣು ಕೊಡುವ ಮುಂಚೆ ಗಂಡಿನ ಮನೆಗೆ ಹೋಗಿ ನೋಡಿಕೊಂಡು ಬರಬೇಕು. ಬೆಸ ಸಂಖ್ಯೆಯಲ್ಲಿ ಹೋಗಬೇಕು, ಮೂವರೋ ಐವರೋ. ಮಂಗಳವಾರ ಹೋಗಬಾರದು. ಬಾವಿ, ಕೊಟ್ಟಿಗೆ, ಅಡಿಗೆಮನೆ, ಹಿತ್ತಲು ಎಲ್ಲ ನೋಡಬೇಕು. ನಮ್ಮ ಮನೆತನದಲ್ಲಿ ಇದಕ್ಕೆಲ್ಲ ಮೇಲೊಂದು ಕಟ್ಟುಪಾಡಿತ್ತು: ಒಪ್ಪಿಗೆ ಆಗುವವರೆಗೆ ಆ ಮನೆಯಲ್ಲಿ ಒಂದು ತೊಟ್ಟು ನೀರೂ ಮುಟ್ಟಬಾರದು. ಕುಡಿದರೆ ಮಾತು ಕೊಟ್ಟ ಹಾಗೆ, ಹೆಣ್ಣು ಕೊಟ್ಟ ಹಾಗೆ. ಆಮೇಲೆ ಹಿಂದೆ ಸರಿಯುವಂತಿಲ್ಲ.

ಇದು ಬಾಯಿಮಾತಿನ ಕಟ್ಟಲ್ಲ. ನನ್ನ ಅತ್ತೆಗೆ, ಎಂದರೆ ಅಪ್ಪನ ತಂಗಿಗೆ, ಹೊಸಕೋಟೆ ಕಡೆಯ ಜಡಿಗೇನಹಳ್ಳಿಯಲ್ಲಿ ಒಂದು ಗಂಡು ಗೊತ್ತಾಗಿ ಎಲ್ಲರೂ ಮನೆ ನೋಡಲು ಹೋಗಿದ್ದರಂತೆ. ಅಪ್ಪನಿಗೆ ಆಗಿನ್ನೂ ಚಿಕ್ಕ ವಯಸ್ಸು. ಬಿಸಿಲಲ್ಲಿ ನಡೆದು ಹೋದವನು, ಆ ಮನೆಯವರು ಮಜ್ಜಿಗೆ ಕೈಗಿಟ್ಟ ಕೂಡಲೇ ಗಟಗಟ ಕುಡಿದು ಬಾಯಿ ಒರೆಸಿಕೊಂಡನಂತೆ. ಅಜ್ಜಿಗೆ ಆ ಮನೆ ಅಷ್ಟೇನೂ ಹಿಡಿಸಿರಲಿಲ್ಲ. ಆದರೆ ದೊಡ್ಡಪ್ಪ ಎದ್ದು ನಿಂತು, ‘ನಮ್ಮೋನು ಮಜ್ಜಿಗೆ ಕುಡ್ದವ್ನೆ. ಮಾತು ಮುಗೀತು. ಹೆಣ್ಣು ನಿಮ್ಮದು’ ಎಂದುಬಿಟ್ಟರು. ಅತ್ತೆ ಅಲ್ಲಿ ಸುಖವಾಗಿಯೇ ಬಾಳಿದಳು, ಅದು ಅವಳ ಪುಣ್ಯ. ನಮ್ಮಲ್ಲಿ ಮಾತ್ರ ಆ ಬೀಗರನ್ನು ಇವತ್ತಿಗೂ ‘ಮಜ್ಜಿಗೆ ಮನೆಯವರು’ ಎಂದೇ ಕರೆಯುವುದು. ಅಪ್ಪ ಮಜ್ಜಿಗೆ ಮುಟ್ಟಿದಾಗಲೆಲ್ಲ ಯಾರಾದರೊಬ್ಬರು ‘ನೋಡ್ಕಂಡು ಕುಡಿಯಪ್ಪಾ’ ಎಂದು ಕಾಲೆಳೆಯುತ್ತಿದ್ದರು.

ಇರಲಿ, ನನ್ನ ವಿಷಯಕ್ಕೆ ಬರುತ್ತೇನೆ. ಪಿಯುಸಿಯಲ್ಲಿ ನಾನು ಫಸ್ಟ್ ಕ್ಲಾಸು. ನಮ್ಮ ಮನೆಯ ಹೆಣ್ಣುಮಕ್ಕಳಲ್ಲಿ ಅಲ್ಲಿಯವರೆಗೆ ಬಂದವಳು ನಾನೊಬ್ಬಳೇ. ಡಿಗ್ರಿ ಓದುತ್ತೇನೆ ಎಂದಾಗ ದೊಡ್ಡಪ್ಪ ಅಡ್ಡಿಯನ್ನೇನೂ ಮಾಡಲಿಲ್ಲ, ಅದನ್ನು ಹೇಳಲೇಬೇಕು. ‘ಓದ್ಲಿ ಬುಡು. ಬಸ್ಸು ಹೋಗೋ ಕಡೆ ಎಲ್ಲಾದ್ರೂ ಸೇರ್ಸಿ’ ಎಂದು ಡೈರಿಗೆ ಹೊರಟುಹೋದರು. ಅಷ್ಟೇ. ನನ್ನ ಜೀವನದ ದೊಡ್ಡ ಪ್ರಶ್ನೆ ಹಾಲಿನ ಕ್ಯಾನು ಎತ್ತಿಕೊಳ್ಳುವಷ್ಟರಲ್ಲಿ ಮುಗಿದಿತ್ತು. ಅಮ್ಮ ಹಾಲಿಗೆ ಬೆಲ್ಲ ಹಾಕಿ ಕೊಟ್ಟಳು.

ಅದನ್ನು ಕೆಡಿಸಿದ್ದು ನನ್ನ ಮಾವ, ಅಮ್ಮನ ತಮ್ಮ. ಕೆಡಿಸಬೇಕೆಂದು ಅಲ್ಲ ಪಾಪ. ಯಲಹಂಕದ ಕಾರ್ಖಾನೆಯೊಂದರಲ್ಲಿ ಅವನಿಗೆ ಕೆಲಸ. ಶನಿವಾರ ಬರುವಾಗ ಒಂದು ಇಂಗ್ಲಿಷ್ ವಾರಪತ್ರಿಕೆಯನ್ನು ಸುರುಳಿ ಸುತ್ತಿ ತಂದಿದ್ದ. ದೇಶದ ಒಳ್ಳೆ ಕಾಲೇಜುಗಳನ್ನು ಒಂದು, ಎರಡು, ಮೂರು ಎಂದು ಸಾಲಾಗಿ ಹಾಕಿದ್ದರು ಅದರಲ್ಲಿ. ಹಾಗೆ ಪಟ್ಟಿ ಮಾಡುವುದು ಆಗಿನ್ನೂ ಹೊಸದು. ಅಲ್ಲಿಯವರೆಗೆ ನಮಗೆ ಕಾಲೇಜಿನಲ್ಲಿ ಎರಡೇ ಬಗೆ, ಬಸ್ಸು ಹೋಗುವುದು ಮತ್ತು ಬಸ್ಸು ಹೋಗದಿರುವುದು. ಮಾವ ಜಗಲಿಯಲ್ಲಿ ಕೂತು ಅದನ್ನು ಓದಿ ಓದಿ ಕನ್ನಡದಲ್ಲಿ ಹೇಳಿದ. ದೊಡ್ಡಪ್ಪ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ ಕೇಳಿದರು.

‘ನಮ್ ಬೆಂಗ್ಳೂರಿಂದು ಯಾವುದ್ಲಾ ಅದ್ರಲ್ಲಿ ಮೇಲಿರೋದು?’

ಮಾವ ಒಂದು ಹೆಸರು ಹೇಳಿದ. ‘ಇಡೀ ಬೆಂಗ್ಳೂರಿಗೇ ಇದು ಫಸ್ಟು ಭಾವ’ ಎಂದ.

ಅಷ್ಟು ಸಾಕಾಯಿತು. ಸಂಜೆ ಡೈರಿಯಲ್ಲಿ ಹಾಲು ಹಾಕಲು ಸಾಲು ನಿಂತವರಿಗೆಲ್ಲ ಸುದ್ದಿ ಮುಟ್ಟಿತು: ಅಧ್ಯಕ್ಷರ ತಮ್ಮನ ಮಗಳು ಬೆಂಗಳೂರಿನ ಒಂದನೇ ನಂಬರ್ ಕಾಲೇಜಿಗೆ. ಮಾರನೇ ದಿನ ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಸುದ್ದಿ ಪಕ್ಕದ ಊರಲ್ಲಿತ್ತು. ನಾನಿನ್ನೂ ಅರ್ಜಿಯನ್ನೂ ಹಾಕಿರಲಿಲ್ಲ. ದೊಡ್ಡಪ್ಪ ಮನೆಯಲ್ಲಿ ಕೂತು ಕಟ್ಟಪ್ಪಣೆ ಮಾಡಿದರು. ‘ಕಳ್ಸೋದಾದ್ರೆ ಅಲ್ಲಿಗೇ ಕಳ್ಸೋದು. ಇಲ್ದಿದ್ರೆ ಮನೇಲಿರ್ಲಿ. ದ್ರಾಕ್ಷಿ ಪೆಟ್ಗೆ ಕಟ್ಟುವಾಗ್ಲೇ ಎರಡ್ನೇ ದರ್ಜೆದು ಮುಟ್ಟಲ್ಲ ನಾನು, ಇನ್ನು ಮನೆ ಹೆಣ್ಮಗೀನ ಯಾವ್ದೋ ಕಾಲೇಜಿಗೆ ಹಾಕ್ತೀನಾ?’

ಮನೆಯಲ್ಲಿರುವುದು ಎಂದರೆ ನಮ್ಮ ಕಡೆ ಆಗ ಒಂದೇ ಅರ್ಥ. ಬರುವ ಮಾಘದೊಳಗೆ ಮದುವೆ. ಹೊಸಕೋಟೆಯ ಒಂದು ಮನೆಯವರು ಆಗಲೇ ಒಂದೆರಡು ಸಲ ಬಂದು ನನ್ನ ಜಾತಕ ಕೇಳಿ ಹೋಗಿದ್ದರು. ಓದು ನಡೆಯುತ್ತಿದೆ ಎಂಬುದೊಂದೇ ಅವರನ್ನು ತಡೆದು ನಿಲ್ಲಿಸಿದ್ದು.

ಆದರೂ ನನಗೆ ಭಯವೇನೂ ಆಗಲಿಲ್ಲ, ಸುಳ್ಳೇಕೆ ಹೇಳಲಿ. ಸಿಕ್ಕೇ ಸಿಗುತ್ತದೆ ಎಂದುಕೊಂಡೆ. ಹಿಂದಿನ ವರ್ಷ ನನ್ನಷ್ಟೇ ಅಂಕ ಪಡೆದ ದೇವನಹಳ್ಳಿಯ ಹುಡುಗಿಯೊಬ್ಬಳು ಅದೇ ಕಾಲೇಜು ಸೇರಿದ್ದಳು. ಮಾವ ಅರ್ಜಿ ತಂದುಕೊಟ್ಟ, ತುಂಬಿ ಕಳಿಸಿದೆ. ಮೊದಲ ಆಯ್ಕೆಪಟ್ಟಿ ಹಚ್ಚುವ ದಿನ ಹತ್ತಿರ ಬಂದಾಗ ಅಜ್ಜಿ ಬಾಯಿ ತೆಗೆದಳು. ‘ಮೂರು ವರ್ಸ ಮಗೀನ ಒಂದು ಕಡೆ ಬುಡ್ತೀವಿ ಅಂತೀರಿ. ಮನೆ ನೋಡ್ದೆ ಬುಡ್ತಾರಾ?’

ದೊಡ್ಡಪ್ಪ ನಗಲಿಲ್ಲ. ಶಾಸ್ತ್ರ ಅಜ್ಜಿಯದು. ಹಾಗಾಗಿ ಐದು ಜನ ಹೊರಟೆವು: ಅಜ್ಜಿ, ದೊಡ್ಡಪ್ಪ, ಅಪ್ಪ, ಮಾವ, ನಾನು. ಅಮ್ಮ ಬಂದರೆ ಆರಾಗುತ್ತದೆಂದು ಅವಳನ್ನು ಬಿಟ್ಟರು. ಅಜ್ಜಿ ಮದುವೆಗೆ ಉಡುವ ಹಸಿರು ಸೀರೆ ಉಟ್ಟು, ಸಂಚಿಯಲ್ಲಿ ತೆಂಗಿನಕಾಯಿ ಇಟ್ಟುಕೊಂಡಿದ್ದಳು.

ಆ ಕಾಲೇಜು ಚೆನ್ನಾಗಿಯೇ ಇತ್ತು. ಕಲ್ಲಿನ ಕಟ್ಟಡ, ಎತ್ತರದ ಕಮಾನು, ಮಳೆಮರಗಳು. ಅಜ್ಜಿ ಗೋಡೆಗೆ ಅಂಗೈ ಒತ್ತಿ ನೋಡಿದಳು. ಸೈಕಲ್ ಸ್ಟ್ಯಾಂಡನ್ನು ಕೊಟ್ಟಿಗೆ ನೋಡುವ ಹಾಗೆ ಸುತ್ತಾಡಿ ನೋಡಿದಳು. ಪ್ಯಾಂಟು ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿದ್ದ ಹುಡುಗಿಯೊಬ್ಬಳನ್ನು ‘ಹೊತ್ತೊತ್ತಿಗೆ ಉಣ್ತೀಯಾ ಮಗಾ?’ ಎಂದು ಕೇಳಿದಳು. ಆ ಹುಡುಗಿ ಇಂಗ್ಲಿಷಿನಲ್ಲಿ ಏನೋ ಹೇಳಿ ನಕ್ಕಳು, ಅಜ್ಜಿಯೂ ನಕ್ಕಳು. ಆಫೀಸಿನ ಕಿಟಕಿಯ ಹಿಂದೆ ಇದ್ದ ಗುಮಾಸ್ತರು ಒಳ್ಳೆಯವರು. ಮುದುಕಿ ಬೆವರಿದ್ದು ನೋಡಿ ಒಂದು ಲೋಟ ನೀರು ತರಿಸಿದರು. ಅಜ್ಜಿ ಎರಡೂ ಕೈ ಜೋಡಿಸಿದಳು. ‘ಒಪ್ಗೆ ಆಗ್ಲಿ ಸ್ವಾಮಿ, ಆಮ್ಯಾಕೆ ಕುಡೀತೀನಿ.’ ಗುಮಾಸ್ತರಿಗೆ ತಲೆಬುಡ ತಿಳಿಯಲಿಲ್ಲ. ಆ ಲೋಟ ಕಿಟಕಿಯ ಕಟ್ಟೆಯ ಮೇಲೆ ಹಾಗೇ ಉಳಿಯಿತು.

ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ನಾನು ನನ್ನ ಹೆಸರು ಹುಡುಕಿದೆ. ಮಾವ ಹುಡುಕಿದ. ಮತ್ತೆ ನಾನು ಹುಡುಕಿದೆ. ಇರಲಿಲ್ಲ. ಮಾವ ಕಿಟಕಿಗೆ ಹೋಗಿ ನನ್ನ ಅಂಕಪಟ್ಟಿ ತೋರಿಸಿದಾಗ ಗುಮಾಸ್ತರು ಕನ್ನಡಕ ಏರಿಸಿ ನೋಡಿ ನಿಜವಾಗಿಯೂ ನೊಂದುಕೊಂಡರು. ‘ಹೋದ ವರ್ಷ ಆಗಿದ್ರೆ ಇದಕ್ಕೆ ಕಣ್ಣು ಮುಚ್ಕೊಂಡು ಸೀಟು ಸಿಗ್ತಿತ್ತಮ್ಮಾ. ಈ ವರ್ಷ ಆ ಪೇಪರಲ್ಲಿ ನಮ್ಮ ಕಾಲೇಜಿನ ಹೆಸರು ಬಂತು ನೋಡಿ, ಎಲ್ಲೆಲ್ಲಿಂದಲೋ ಅರ್ಜಿ ಬಂದಿದೆ. ದೆಹಲಿಯಿಂದೆಲ್ಲ ಬಂದಿದೆ. ಅಂಕ ಎಲ್ಲಿಗೋ ಏರಿಬಿಡ್ತು. ಎರಡನೇ ಪಟ್ಟೀಲೂ ಕಷ್ಟ.’

ಇವತ್ತಿಗೂ ಅದನ್ನು ನೆನೆದರೆ ನನಗೆ ಮೈ ಉರಿಯುತ್ತದೆ. ಅದೇ ಮೇಷ್ಟ್ರುಗಳು, ಅದೇ ಬೆಂಚು, ಅದೇ ಮಳೆಮರ. ಹೋದ ವರ್ಷಕ್ಕೂ ಈ ವರ್ಷಕ್ಕೂ ಆ ಕಾಲೇಜಿನಲ್ಲಿ ಒಂದು ಕಿಟಕಿಗೆ ಬಣ್ಣ ಬಳಿದಿರಲಿಲ್ಲ. ಎಲ್ಲೋ ಕೂತ ಯಾರೋ ಪುಣ್ಯಾತ್ಮ ಅದರ ಮುಂದೆ ಒಂದು ಅಂಕಿ ಬರೆದ, ನನ್ನ ಪಾಲಿಗೆ ಬಾಗಿಲು ಮುಚ್ಚಿತು. ಅದಕ್ಕಿಂತ ಹೊಟ್ಟೆ ಉರಿಸುವುದು ಇನ್ನೊಂದು: ಅದೇ ಅಂಕಿಯನ್ನು ನೋಡಿಯೇ ದೊಡ್ಡಪ್ಪ ಬೇರೆ ಬಾಗಿಲುಗಳನ್ನೆಲ್ಲ ಮುಚ್ಚಿದ್ದು.

ವಾಪಸು ಬರುವಾಗ ಬಸ್ಸು ಹೆಬ್ಬಾಳ ದಾಟಿದ ಮೇಲೆ ಮಾವ ಮೆಲ್ಲಗೆ, ‘ದೊಡ್ಡಬಳ್ಳಾಪುರದಲ್ಲಿ ಹೆಣ್ಮಕ್ಕಳ ಕಾಲೇಜೊಂದಿದೆ ಭಾವ. ನಮ್ ಜೊತೆ ಕೆಲ್ಸ ಮಾಡೋರ ಮಗಳು ಅಲ್ಲೇ ಓದ್ತಿದಾಳೆ’ ಎಂದ.

‘ಆ ಪೇಪರಲ್ಲಿ ಐತಾ ಅದು?’

‘ಇಲ್ಲ.’

‘ಮತ್ತೆ?’ ಎಂದು ದೊಡ್ಡಪ್ಪ ಕಿಟಕಿಯ ಕಡೆ ತಿರುಗಿದರು. ಅವರ ಸಂಕಟವೂ ನನಗೆ ಈಗ ಅರ್ಥವಾಗುತ್ತದೆ. ಡೈರಿಯ ಸಾಲಿನಲ್ಲಿ ನಿಂತು ಒಂದನೇ ನಂಬರು ಎಂದವರು, ಪಟ್ಟಿಯಲ್ಲೇ ಇಲ್ಲದ ಕಾಲೇಜಿಗೆ ಸೇರಿಸಿದೆವು ಎಂದು ಹೇಳುವುದು ಹೇಗೆ? ಅದಕ್ಕಿಂತ ಓದೇ ಬೇಡ ಅನ್ನುವುದು ಅವರಿಗೆ ಮರ್ಯಾದೆಯ ದಾರಿ. ಅವರ ಮರ್ಯಾದೆಗೆ ನಾನು ಬೆಲೆ ತೆರಬೇಕಾಗಿತ್ತು.

ಆ ವಾರ ನಾನು ಇದ್ದ ರೀತಿ ನೆನೆದರೆ ಅಮ್ಮ ಈಗಲೂ ತಲೆ ಚಚ್ಚಿಕೊಳ್ಳುತ್ತಾಳೆ. ಹಾಲಿನ ಬಕೀಟು ದಡಾರನೆ ಕುಕ್ಕಿದೆ. ಮಾತಾಡಿಸಲು ಬಂದ ಮಾವನ ಮುಖ ನೋಡಲಿಲ್ಲ. ಅಪ್ಪ ಚಪ್ಪರದ ಕೆಳಗೆ ನಿಂತು, ‘ನಾನೇನ್ ಮಾಡ್ಲಿ ಮಗಾ’ ಎಂದಾಗ, ‘ಮಜ್ಜಿಗೆ ಕುಡಿ ಹೋಗು’ ಎಂದು ಸಿಡುಕಿದೆ. ಹಿತ್ತಲಿಗೆ ಹೋಗಿ ಚಕ್ಕೋತದ ಮರಕ್ಕೆ ಹಣೆಯಿಟ್ಟು ಅತ್ತೆ. ಅಜ್ಜಿ ರಾಗಿ ಕೇರುತ್ತಾ ಎಲ್ಲ ನೋಡುತ್ತಿದ್ದಳು. ಹೊಸಕೋಟೆಯವರಿಗೆ ಜಾತಕ ಕಳಿಸುವ ಮಾತು ಶುರುವಾಯಿತು.

ಆಗ ಅಜ್ಜಿಗೆ ಇದ್ದಕ್ಕಿದ್ದಂತೆ ಒಂದು ಹರಕೆ ನೆನಪಾಯಿತು. ನನ್ನ ಮದುವೆಯ ಮಾತು ಎತ್ತುವ ಮುಂಚೆ ಘಾಟಿ ಸುಬ್ರಹ್ಮಣ್ಯನಿಗೆ ಹಾಲೆರೆದು ಬರಬೇಕಂತೆ, ಹುಟ್ಟಿದಾಗಲೇ ಹೊತ್ತುಕೊಂಡಿದ್ದಂತೆ. ‘ಮಂಗಳವಾರ ಹೋಗಿ, ಸುಬ್ರಹ್ಮಣ್ಯನ ದಿನ’ ಎಂದರು ದೊಡ್ಡಪ್ಪ. ‘ಮಂಗಳವಾರ ಜನ ಜಾತ್ರೆ, ನನ್ ಕೈಲಾಗಲ್ಲ. ಗುರುವಾರ ಹೋಗಾನ’ ಎಂದಳು ಅಜ್ಜಿ. ಅಪ್ಪ ಅಮ್ಮ ಹೊರಟು ನಿಂತರೆ ಬೇಡವೆಂದಳು. ‘ಯಜಮಾನ ಬರ್ಲಿ, ಮಗು ಬರ್ಲಿ, ನಾನು. ಮೂರೇ ಜನ ಸಾಕು.’ ಹರಕೆ ಅವಳದು, ಶಾಸ್ತ್ರ ಅವಳದು. ಯಾರೂ ಎದುರಾಡಲಿಲ್ಲ.

ಘಾಟಿಯಲ್ಲಿ ಹಾಲೆರೆದು ಬಸ್ಸಿನಲ್ಲಿ ದೊಡ್ಡಬಳ್ಳಾಪುರಕ್ಕೆ ಬಂದಾಗ ನೆತ್ತಿಯ ಮೇಲೆ ಬಿಸಿಲು. ದೇವನಹಳ್ಳಿ ಬಸ್ಸಿಗೆ ಇನ್ನೂ ಹೊತ್ತಿತ್ತು. ದೊಡ್ಡಪ್ಪ ಟೀ ಕುಡಿಯಲು ಹೋದರು. ನಾನು ಅಜ್ಜಿಗೆ ಎಳನೀರು ಕೊಡಿಸಿದೆ. ದೊಡ್ಡ ಕಾಯಿ. ಪೂರ್ತಿ ಕುಡಿದಳು, ಒಡೆಸಿ ಒಳಗಿನ ಗಂಜಿಯನ್ನೂ ತಿಂದಳು, ತೇಗಿ ಹೊಟ್ಟೆ ಸವರಿಕೊಂಡು ‘ಅಪ್ಪಾ, ಇನ್ನು ಊರು ಮುಟ್ಟೋಗಂಟ ಏನೂ ಬ್ಯಾಡ’ ಎಂದಳು. ದೊಡ್ಡಪ್ಪ ಬಂದ ಕೂಡಲೇ ಅವಳ ರಾಗ ಬೇರೆಯಾಯಿತು.

‘ಇಲ್ಲೇ ಎಲ್ಲೋ ಹೆಣ್ಮಕ್ಕಳ ಕಾಲೇಜು ಐತಂತಲ್ಲ. ಬಸ್ಸು ಬರಾಗಂಟ ಸುಮ್ನೆ ನೋಡ್ಕಂಡ್ ಬರಾನ ಬಾ.’

‘ನೋಡಿ ಏನ್ ಮಾಡ್ತೀಯಮ್ಮಾ? ನಾವೇನು ಕೊಡಲ್ವಲ್ಲ.’

‘ಕೊಡ್ದಿದ್ರೆ ಬುಡು. ನೋಡಕ್ಕೇನು ಕಾಸಾ?’

ಆ ಕಾಲೇಜು ನೇಕಾರರ ಬೀದಿಯಲ್ಲಿತ್ತು. ಹಳೆಯ ಮಹಡಿ ಮನೆ. ಕೆಳಗೆ ಯಾರದೋ ಪವರ್‌ಲೂಮುಗಳು ಹಗಲೂ ರಾತ್ರಿ ಓಡುತ್ತಿದ್ದವು, ಮೇಲೆ ತರಗತಿಗಳು. ಮೆಟ್ಟಿಲು ಹತ್ತುವಾಗ ಪಾದದ ಕೆಳಗೆ ಕಟ್ಟಡವೇ ಗುಂಯ್‌ಗುಟ್ಟುತ್ತಿತ್ತು. ಪ್ರಿನ್ಸಿಪಾಲರು ಕೈಮಗ್ಗದ ಸೀರೆ ಉಟ್ಟ ಹೆಂಗಸು, ನಲವತ್ತರ ಆಚೀಚೆ. ಮಗ್ಗದ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವರ ದನಿಯೇ ದೊಡ್ಡದಾಗಿಬಿಟ್ಟಿತ್ತು. ಅಜ್ಜಿ ಬಾಗಿಲ ಚಿಲಕ ಎಳೆದು ನೋಡಿದಳು. ಹಿಂದುಗಡೆಯ ಪಾಯಿಖಾನೆಗೆ ಹೋಗಿ ನಲ್ಲಿ ತಿರುಗಿಸಿ ನೋಡಿದಳು. ಆಮೇಲೆ ಬಂದು ಸೂರಿನ ಕಡೆ ಕೈ ತೋರಿಸಿ, ‘ಮಳೆ ಬಂದ್ರೆ ಸೋರ್ತದಾ ತಾಯಿ?’ ಎಂದಳು.

‘ಆ ಮೂಲೇಲಿ ಸೋರುತ್ತೆ ಅಜ್ಜಿ. ಆಗ ಬೆಂಚು ಈ ಕಡೆ ಎಳ್ಕೋತೀವಿ.’

ಅಜ್ಜಿ ತಲೆಯಾಡಿಸಿದಳು. ಅವಳು ನೋಡಿದ ಗಂಡಿನ ಮನೆಗಳಲ್ಲಿ ಒಂದೂ ಸೋರುವ ಮನೆ ಇರಲಿಲ್ಲವಂತೆ, ಹೆಣ್ಣು ಕೊಟ್ಟ ಮೇಲೆಯೇ ಎಲ್ಲ ಸೋರಲು ಶುರುವಾಗುತ್ತಿದ್ದದ್ದು. ದೊಡ್ಡಪ್ಪನಿಗೆ ಸೋರುವ ವಿಷಯ ಬೇಕಿರಲಿಲ್ಲ. ‘ನಿಮ್ ಕಾಲೇಜು ಎಷ್ಟ್ನೇ ನಂಬರಮ್ಮಾ?’ ಎಂದರು.

ಪ್ರಿನ್ಸಿಪಾಲರಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ನಕ್ಕರು. ‘ನಮ್ಮನ್ನು ಯಾರೂ ಎಣಿಸೋಕೇ ಬಂದಿಲ್ಲ ಯಜಮಾನ್ರೇ.’ ಅಷ್ಟು ಹೇಳಿ ನನ್ನ ಕಡೆ ತಿರುಗಿದರು. ‘ನಿನಗೆ ಏನು ಓದೋಕೆ ಇಷ್ಟಮ್ಮಾ?’

ಆ ಜೂನ್ ತಿಂಗಳಿಡೀ ನನ್ನನ್ನು ಯಾರೂ ಕೇಳದ ಪ್ರಶ್ನೆ ಅದು. ‘ಕೆಮಿಸ್ಟ್ರಿ’ ಎಂದೆ. ಮಗ್ಗದ ಸದ್ದಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಜೋರಾಗಿ ಹೇಳಿದೆ. ಅವರು ‘ಇದೆ’ ಎಂದರು.

ದೊಡ್ಡಪ್ಪ ಎದ್ದರು. ‘ಬರ್ತೀವಿ ತಾಯಿ, ಬಸ್ಸಿಗೆ ಹೊತ್ತಾಯ್ತು.’ ಮುಗಿಯಿತು ಎಂದುಕೊಂಡೆ. ಬಂದವರಿಗೆ ಏನೂ ಕೊಡಲಿಲ್ಲವೆಂದು ಪ್ರಿನ್ಸಿಪಾಲರು ಮೂಲೆಯ ಮಣ್ಣಿನ ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿದರು. ‘ಬಿಸಿಲಲ್ಲಿ ಬಂದಿದೀರಿ, ನೀರಾದ್ರೂ ಕುಡೀರಿ.’ ದೊಡ್ಡಪ್ಪ ಅಭ್ಯಾಸಬಲದಿಂದ ಬೇಡವೆಂದು ಕೈ ಎತ್ತಿದರು. ಅಷ್ಟರಲ್ಲಿ ಅಜ್ಜಿ ಕೈ ಚಾಚಿ ಲೋಟ ಇಸಿದುಕೊಂಡಿದ್ದಳು. ನಾವಿಬ್ಬರೂ ನೋಡನೋಡುತ್ತಿದ್ದಂತೆ ತಲೆ ಹಿಂದಕ್ಕೆ ವಾಲಿಸಿ ಪೂರ್ತಿ ಕುಡಿದಳು.

‘ಅಮ್ಮಾ!’ ಎಂದರು ದೊಡ್ಡಪ್ಪ.

ಅಜ್ಜಿಗೆ ಕೇಳಿಸಿದಂತೆ ಕಾಣಲಿಲ್ಲ. ಲೋಟವನ್ನು ಪ್ರಿನ್ಸಿಪಾಲರ ಮುಂದೆ ಹಿಡಿದು, ‘ಇನ್ನೊಂದೀಟು ಹಾಕವ್ವಾ’ ಎಂದಳು. ಅದನ್ನೂ ಕುಡಿದಳು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಬಿಸಿಲಿಗೆ ಅಜ್ಜಿಯ ತಲೆ ಕೆಟ್ಟಿರಬೇಕು, ಇಲ್ಲದಿದ್ದರೆ ಈ ಕಟ್ಟನ್ನು ಅವಳು ಮರೆಯುವುದುಂಟೇ? ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡು, ದೊಡ್ಡಪ್ಪನ ಮುಖ ನೋಡಿ, ಏನೂ ಅರಿಯದವಳಂತೆ ಕಣ್ಣರಳಿಸಿದಳು.

‘ಕುಡ್ದ್‌ಬುಟ್ನಲ್ಲಪ್ಪಾ. ಈಗೇನ್ ಮಾಡಾದು?’

ದೊಡ್ಡಪ್ಪ ನಿಂತಲ್ಲೇ ನಿಂತರು. ಕೆಳಗೆ ಮಗ್ಗಗಳು ಬಡಿಯುತ್ತಲೇ ಇದ್ದವು. ಜಡಿಗೇನಹಳ್ಳಿಯ ಆ ಜಗಲಿಯಲ್ಲಿ ಮಜ್ಜಿಗೆ ಕುಡಿದ ತಮ್ಮನ ಪರವಾಗಿ ಎದ್ದು ನಿಂತು ಮಾತು ಮುಗಿಸಿದ್ದು ಅವರೇ. ಈಗ ಕುಡಿದವಳು ಅವರ ತಾಯಿ. ಒಪ್ಪಲಾರೆ ಎಂದರೆ ಅವತ್ತು ತಂಗಿಯನ್ನು ಯಾಕೆ ಕೊಟ್ಟೆ ಎಂದು ಯಾರಾದರೂ ಕೇಳಿಯಾರು. ಅವರ ಮುಖದಲ್ಲಿ ಏನೇನು ಓಡಾಡಿತೋ, ಕೊನೆಗೆ ಕುರ್ಚಿ ಎಳೆದುಕೊಂಡು ಕೂತರು. ಟವೆಲಿನಿಂದ ಹಣೆ ಒರೆಸಿಕೊಂಡು ಪ್ರಿನ್ಸಿಪಾಲರನ್ನು ಕೇಳಿದರು.

‘ಅರ್ಜಿ ಎಲ್ಲಿ ಕೊಡ್ತಾರಮ್ಮಾ?’

ಆಮೇಲೆ ನನಗೂ ಒಂದು ಲೋಟ ನೀರು ಬಂತು, ದೊಡ್ಡಪ್ಪನಿಗೂ. ಅವರು ಕಹಿ ಕಷಾಯ ಕುಡಿಯುವವರಂತೆ ಕುಡಿದರು. ಬಸ್ಸು ದೊಡ್ಡಬಳ್ಳಾಪುರ ಬಿಟ್ಟು ಸ್ವಲ್ಪ ದೂರ ಹೋಗಿತ್ತೋ ಇಲ್ಲವೋ, ಅಜ್ಜಿ ಕಂಡಕ್ಟರನನ್ನು ಕೂಗಿ ಬಸ್ಸು ನಿಲ್ಲಿಸಿದಳು. ಬೇಲಿ ಮರೆಗೆ ಹೋಗಿ ಬಂದಳು. ಇನ್ನೂ ಊರು ಬರುವ ಮುಂಚೆ ಮತ್ತೆ ನಿಲ್ಲಿಸಿದಳು. ಕಂಡಕ್ಟರ್ ‘ಏನಜ್ಜಿ, ಕೆರೆ ಕುಡ್ಕಂಡ್ ಬಂದಿದೀಯಾ?’ ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ಅಜ್ಜಿಯೂ ನಕ್ಕಳು. ನಾನು ಕಿಟಕಿಯಾಚೆ ನೋಡುತ್ತಾ ಅಳುತ್ತಿದ್ದೆ, ಸಂತೋಷಕ್ಕೆ.

ಆ ಕಾಲೇಜಿನ ಮೂರು ವರ್ಷಗಳನ್ನು ಹೇಳುತ್ತಾ ಹೋದರೆ ಮುಗಿಯುವುದಿಲ್ಲ. ಮಗ್ಗದ ಸದ್ದಿನಲ್ಲಿ ಪಾಠ ಅರ್ಧ ಕಿವಿಗೆ, ಅರ್ಧ ಬೋರ್ಡಿಗೆ. ಕರೆಂಟು ಹೋದರೆ ಮಗ್ಗಗಳೆಲ್ಲ ಒಟ್ಟಿಗೆ ನಿಂತು ಇಡೀ ಬೀದಿ ಉಸಿರು ಬಿಟ್ಟಂತೆ ಆಗುತ್ತಿತ್ತು. ಆಗ ಕರೆಂಟು ತೆಗೆಯುವುದಕ್ಕೂ ಒಂದು ವೇಳೆ ಇತ್ತು. ನಮ್ಮ ಕೆಮಿಸ್ಟ್ರಿ ಮೇಡಂ ಕಷ್ಟದ ಪಾಠಗಳನ್ನೆಲ್ಲ ಆ ವೇಳೆಗೆ ಎತ್ತಿಟ್ಟುಕೊಳ್ಳುತ್ತಿದ್ದರು. ನಾವು ಕತ್ತಲ ಕೋಣೆಯಲ್ಲಿ, ಕಿಟಕಿಯ ಬೆಳಕಿನಲ್ಲಿ, ಪಿಸುಮಾತೂ ಕೇಳುವಷ್ಟು ನಿಶ್ಶಬ್ದದಲ್ಲಿ ಕಲಿತದ್ದು ಈಗಲೂ ಮರೆತಿಲ್ಲ. ಇವತ್ತಿಗೂ ನನ್ನ ತರಗತಿಯಲ್ಲಿ ಕರೆಂಟು ಹೋದರೆ ಮಕ್ಕಳು ಹೋ ಎಂದು ಕೂಗುತ್ತವೆ, ನನಗೆ ಏನಾದರೂ ಕಷ್ಟದ ಪಾಠ ತೆಗೆಯುವ ಆಸೆಯಾಗುತ್ತದೆ. ಮಳೆ ಬಂದಾಗ ಬೆಂಚು ಈ ಕಡೆ ಎಳೆದುಕೊಳ್ಳುತ್ತಿದ್ದೆವು, ಅವರು ಹೇಳಿದ ಹಾಗೇ.

ಗೌರಿ ಹಬ್ಬಕ್ಕೆ ಅಜ್ಜಿ ನನ್ನ ಕೈಯಲ್ಲಿ ಒಂದು ಚೀಲ ಕಳಿಸಿದಳು. ಹಿತ್ತಲಿನ ಚಕ್ಕೋತದ ಹಣ್ಣು, ತಂಬಿಟ್ಟು, ಅರಿಶಿನ ಕುಂಕುಮ, ಒಂದು ರವಿಕೆ ಕಣ. ‘ಪ್ರಿನ್ಸಿಪಾಲಮ್ಮಂಗೆ ಕೊಡು. ಕೊಟ್ಟ ಮನೆಗೆ ಹಬ್ಬಕ್ಕೆ ಕಳಿಸ್ದೆ ಇರ್ತಾರಾ?’ ನಾನು ನಾಚಿಕೆಯಿಂದ ಸಾಯುವಂತಾದೆ. ಪ್ರಿನ್ಸಿಪಾಲರು ಮಾತ್ರ ಎದ್ದು ನಿಂತು ಎರಡೂ ಕೈಯಲ್ಲಿ ತೆಗೆದುಕೊಂಡರು. ಚಕ್ಕೋತವನ್ನು ಅಂದೇ ಸುಲಿದು ತೊಳೆ ಬಿಡಿಸಿ ಇಡೀ ಕಾಲೇಜಿಗೆ ಹಂಚಿದರು.

ವರ್ಷ ಕಳೆದು ಮತ್ತೆ ಜೂನ್ ಬಂತು. ಮಾವ, ಬುದ್ಧಿ ಕಲಿಯದ ಮಾವ, ಮತ್ತೆ ಅದೇ ಪತ್ರಿಕೆ ತಂದ. ಹೊಸ ಪಟ್ಟಿ. ಆದರೆ ಈ ಸಲ ಅದನ್ನು ಜಗಲಿಗೆ ತರಲು ಹೆದರಿ ಅಡಿಗೆಮನೆಗೆ ತಂದು ಅಮ್ಮನಿಗೆ ತೋರಿಸುತ್ತಿದ್ದ. ದೊಡ್ಡಪ್ಪ ಹೊರಗಿಂದಲೇ ‘ತಾರ್ಲಾ ಇಲ್ಲಿ’ ಎಂದರು. ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದೊಂದೇ ಹೆಸರು ಓದಿಸಿದರು. ನಾನು ಓದುತ್ತಾ ಹೋದೆ, ಅವರ ಬೆರಳು ಕೆಳಗಿಳಿಯುತ್ತಾ ಹೋಯಿತು. ಪುಟ ಮುಗಿಯಿತು. ಬೆರಳು ಖಾಲಿ ಜಾಗದಲ್ಲಿ ನಿಂತಿತು. ಈಗ ನನ್ನ ಓದು ಬಿಡಿಸುತ್ತಾರೇನೋ ಎಂದುಕೊಂಡೆ.

‘ನಮ್ದು ಎಲ್ಲಿ?’ ಎಂದರು.

‘ನಮ್ಮದು ಹಾಕಿಲ್ಲ ದೊಡ್ಡಪ್ಪ.’

‘ಹಾಕಿಲ್ವಾ?’ ಅವರಿಗೆ ಸಿಟ್ಟು ಬಂತು, ನಿಜವಾದ ಸಿಟ್ಟು. ‘ಕರೆಂಟು ಹೋದಾಗ ಕೂರಿಸ್ಕಂಡು ಪಾಠ ಮಾಡ್ತಾರೆ ಅಂತೀಯ, ಹಬ್ಬದ ಹಣ್ಣು ಹಂಚಿ ತಿನ್ನೋ ಜನ ಅಂತೀಯ, ನಮ್ದನ್ನೇ ಬುಟ್ಟವ್ರೆ. ಇದನ್ನ ಬರ್ದೋರು ಅಲ್ಲಿಗೆ ಹೋಗೇ ಇಲ್ಲ, ಬರ್ಕಂಡ್‌ಬುಡು!’ ಪತ್ರಿಕೆಯನ್ನು ಮಾವನ ತೊಡೆಯ ಮೇಲೆ ಎಸೆದು ಡೈರಿಗೆ ಹೊರಟರು. ಆ ಸಂಜೆ ಹಾಲಿನ ಸಾಲಿನಲ್ಲಿ ನಿಂತವರಿಗೆಲ್ಲ ಆ ಪಟ್ಟಿ ಎಂಥ ದಂಡದ್ದು ಎಂದು ಅವರೇ ವಿವರಿಸಿದರಂತೆ.

ಅವರು ಹೊರಟ ಕೂಡಲೇ ಮಾವನೂ ಎದ್ದು ಒಳಗೆ ಹೋದ; ಜಗಲಿಯಲ್ಲಿ ಉಳಿದದ್ದು ನಾನು, ಅಜ್ಜಿ ಇಬ್ಬರೇ. ಅವಳು ಮೊರದಲ್ಲಿ ಹುಚ್ಚೆಳ್ಳು ಹಸನು ಮಾಡುತ್ತಾ ತನ್ನಷ್ಟಕ್ಕೆ ನಗುತ್ತಿದ್ದಳು. ಒಂದು ವರ್ಷದಿಂದ ನನ್ನ ಗಂಟಲಲ್ಲಿ ಇದ್ದದ್ದನ್ನು ಆಗ ಕೇಳಿಬಿಟ್ಟೆ.

‘ಅಜ್ಜಿ, ಅವತ್ತು ಅಷ್ಟು ದೊಡ್ಡ ಎಳನೀರು ಕುಡಿದು ಗಂಜಿ ಬೇರೆ ತಿಂದಿದ್ದೆ. ನಾನೇ ಕೊಡಿಸಿದ್ದೆ. ಅಷ್ಟು ಬೇಗ ನಿಂಗೆ ಬಾಯಾರಿಕೆ ಹೆಂಗಾಯ್ತು?’

ಅಜ್ಜಿ ಬೀದಿಯ ಕಡೆ ನೋಡಿದಳು, ದೊಡ್ಡಪ್ಪ ತಿರುವು ದಾಟಿದರೋ ಇಲ್ಲವೋ ಎಂದು. ಆಮೇಲೆ ಮೊರ ಕೆಳಗಿಟ್ಟಳು.

‘ಬಾಯಾರ್ಕೆ ಎಲ್ಲಿತ್ತು ಕಣೇ. ನೀನು ಆ ಚಕ್ಕೋತದ ಮರ ತಬ್ಕಂಡು ಅಳ್ತಿದ್ಯಲ್ಲ, ನಂಗೆ ನೋಡಕ್ಕಾಗ್ಲಿಲ್ಲ. ಅದಕ್ಕೇ ಮಂಗಳವಾರ ಬುಟ್ಟು ಗುರುವಾರ ಹೊರಡ್ಸಿದ್ದು, ಮೂರೇ ಜನ ಅಂದಿದ್ದು. ಹರಕೇನೂ ಇರ್ಲಿಲ್ಲ, ಆ ಸುಬ್ರಹ್ಮಣ್ಯ ಕ್ಷಮಿಸ್ಲಿ.’

‘ಸರಿ, ಒಂದು ಲೋಟ ಕುಡಿದ್ರೆ ಸಾಕಾಗಿತ್ತಲ್ಲ. ಇನ್ನೊಂದು ಯಾಕೆ ಕೇಳಿದೆ? ಬಸ್ಸಲ್ಲಿ ಅಷ್ಟು ಒದ್ದಾಡಿದೆ.’

‘ಹೊಟ್ಟೆ ಬಿರೀತಿತ್ತು ಮಗಾ, ಜೀವ ಹೋದಂಗಾಗಿತ್ತು’ ಎಂದಳು ಅಜ್ಜಿ. ‘ಆದ್ರೆ ನಿಮ್ ದೊಡ್ಡಪ್ಪನ್ನ ಹೆತ್ತೋಳು ನಾನು. ಒಂದೇ ಲೋಟ ಆಗಿದ್ರೆ, ನಮ್ಮಮ್ಮ ಬಾಯಿ ಮುಕ್ಕಳಿಸಿದ್ಲು ಅಂದ್‌ಬುಡ್ತಿದ್ದ.’